ಎರಡನೇ ಹಂತ

ನೀರು ಕುಡಿಯದೆ ಇರುವುದೂ ಒಂದು ವಿದ್ಯೆ. ಅದನ್ನು ಮೋಹಿನಿ ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಸೈಟು ನೋಡಲು ಹೋಗುವ ದಿನ ಬೆಳಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ಸಂಜೆ ಮಲಾಡಿನ ಮನೆಯ ಬಾಗಿಲು ತೆರೆಯುವ ತನಕ ತುಟಿ ಒದ್ದೆ ಮಾಡಿಕೊಳ್ಳುವುದಷ್ಟೇ, ಗಂಟಲಿಗೆ ಇಳಿಸುವಂತಿಲ್ಲ. ಗೋದಾಮು, ಲಾರಿ ನಿಲ್ದಾಣ, ಕೋಲ್ಡ್ ಸ್ಟೋರೇಜು, ಬಂದರಿನ ಹಿಂದಿನ ಕಂಟೇನರ್ ಅಂಗಳ, ಇಂಥವಕ್ಕೆ ಸಾಲ ಕೊಡಬಹುದೋ ಬೇಡವೋ ಎಂದು ತೂಗಿ ನೋಡಿ ಹೇಳುವುದು ಅವಳ ಕೆಲಸ. ಖುಲ್ನಾದಲ್ಲಿ, ಹೈಫಾಂಗಿನ ಹೊರವಲಯದಲ್ಲಿ, ನೇಪಾಳದ ಗಡಿಯಲ್ಲಿ, ಎಲ್ಲ ಕಡೆ ಗಂಡಸರು ಹೆಲ್ಮೆಟ್ಟು ಹಾಕಿಕೊಂಡು ನಕ್ಷೆ ಬಿಡಿಸಿ ತೋರಿಸುತ್ತಿರುವಾಗ ಅವಳು ತಲೆಯಾಡಿಸುತ್ತ ಒಳಗೊಳಗೇ ಹುಡುಕಿದ್ದು ಹೆಂಗಸರದೆಂದು ಬರೆದ ಒಂದೇ ಒಂದು ಬಾಗಿಲನ್ನು. ಆ ಬಾಗಿಲು ನಕ್ಷೆಯ ಮೂಲೆಯಲ್ಲಿ ಚುಕ್ಕೆಗೆರೆಯಲ್ಲಿ ಇರುತ್ತಿತ್ತು. ಚುಕ್ಕೆಗೆರೆ ಎಂದರೆ ಎರಡನೇ ಹಂತ. ಎರಡನೇ ಹಂತವೆಂದರೆ ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರು "ಒಮ್ಮೆ ಮನೆಗೆ ಬನ್ನಿ" ಅಂದ ಹಾಗೆ. ಯಾವಾಗ ಎಂದು ಅವರು ಹೇಳುವುದಿಲ್ಲ, ಇವರು ಕೇಳುವುದಿಲ್ಲ.

ಅಂಧೇರಿಯಲ್ಲಿ ಲೋಕಲ್ ರೈಲು ಇಳಿದು ಮೆಟ್ರೋ ಹತ್ತಿ ಘಾಟ್ಕೋಪರ್ ಕಡೆಗೆ ಹೋಗುತ್ತ, ಕಂಬಿಗೆ ಆತುಕೊಂಡು, ಮೋಹಿನಿ ಒಂದು ಇಂಗ್ಲಿಷ್ ವಾಕ್ಯವನ್ನು ಉರುಹೊಡೆಯುತ್ತಿದ್ದಳು. ಎದುರಿಗೆ ಕೂತ ಹೆಂಗಸು ಅವಳ ತುಟಿಗಳನ್ನೇ ನೋಡುತ್ತಿದ್ದಳು. ಜಪ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು, ಎದ್ದು ಸೀಟು ಬಿಟ್ಟುಕೊಟ್ಟಳು. ಮೋಹಿನಿಗೆ ನಾಚಿಕೆಯಾಯಿತು, ಆದರೂ ಕೂತಳು. ಈ ಸಲ ಅವಳ ಕಂಪನಿಯೇ ಸಾಲ ತೆಗೆದು ಕಟ್ಟಿಸುತ್ತಿತ್ತು, ಚುಕ್ಕೆಗೆರೆಯನ್ನು ಎಳೆದವಳೂ ತಾನೇ. ಠಾಣೆ ದಾಟಿ ನಾಸಿಕ್ ಹೆದ್ದಾರಿಯ ಪಕ್ಕ ಏಳುತ್ತಿರುವ ಗೋದಾಮುಗಳು, ಅವುಗಳ ಮುಂದೆ ಲಾರಿಗಳು ನಿಲ್ಲುವ ಅಂಗಳ. ಅದರಲ್ಲಿ ಗೇಟಿನ ಬಳಿ ಡ್ರೈವರುಗಳಿಗೊಂದು ಮನೆ ಇರಲಿ ಎಂದು ಅವಳೇ ಸೇರಿಸಿದ್ದಳು: ಬೆನ್ನು ಚಾಚಲು ಒಂದು ಹಜಾರ, ಸ್ನಾನಕ್ಕೆ ನೀರು, ಸಣ್ಣದೊಂದು ಅಡುಗೆಮನೆ, ಸಾಲಾಗಿ ಶೌಚಾಲಯ. ನಕ್ಷೆಯಲ್ಲಿ ಅದಕ್ಕೆ ನೀಲಿ ಬಣ್ಣ ತುಂಬಿದವಳೂ ಅವಳೇ. ಲಾರಿ ಎಷ್ಟು ಹೊತ್ತು ನಿಂತಿತು ಎಂದು ಜಗತ್ತೆಲ್ಲ ಲೆಕ್ಕ ಇಡುತ್ತದೆ, ಲಾರಿಯ ಒಳಗೆ ಕೂತವನು ಅಷ್ಟು ಹೊತ್ತು ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ಹೋದ ವಾರದ ಸಭೆಯಲ್ಲಿ ಅಮಿತ, ಅವಳಿಗಿಂತ ವಯಸ್ಸಿನಲ್ಲಿ ಚಿಕ್ಕವನು, ಹುದ್ದೆಯಲ್ಲಿ ದೊಡ್ಡವನು, ಬಹಳ ಮೃದುವಾಗಿ ಕೇಳಿದ: "ಮೋಹಿನಿಜೀ, ಯೇ ನೀಲಾ ಡಬ್ಬಾ ಕಿರಾಯಾ ತೋ ನಹೀ ದೇಗಾ ನಾ?" ಎಲ್ಲರೂ ನಕ್ಕರು. ಬಾಡಿಗೆ ಕೊಡದ ಆ ಡಬ್ಬಿಯ ಬಗ್ಗೆ ಅವಳೂ ನಕ್ಕಳು. ಆ ನಗು ಅವಳ ಕಿವಿಯಲ್ಲಿ ಇನ್ನೂ ಇದೆ. ಬೇರೆಯವರ ನಗುವಾಗಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದಳು. ನಕ್ಕು ಮುಗಿಸಿ, ಯಾರೂ ಹೇಳುವ ಮೊದಲೇ ತಾನೇ ಪೆನ್ಸಿಲು ತೆಗೆದುಕೊಂಡು, "ಫೇಸ್ ಟೂನಲ್ಲಿ ಹಾಕಿದರಾಯಿತು ಬಿಡಿ" ಎಂದು ನೀಲಿ ಚೌಕದ ಸುತ್ತ ಚುಕ್ಕೆಗೆರೆ ಎಳೆದಳು.

ಇವತ್ತು ಸಾಲ ಕೊಡುವ ಸಂಸ್ಥೆಯ ತಂಡ ಬರುತ್ತಿದೆ. ಏಷ್ಯಾದ ಅರ್ಧ ದೇಶಗಳ ರಸ್ತೆಗೂ ಬಂದರಿಗೂ ಸಾಲ ಕೊಡುವವರು. ತಂಡದ ಮುಖ್ಯಸ್ಥೆ ಲಿಯೆನ್ ಎಂಬ ವಿಯೆಟ್ನಾಮಿನ ಹೆಂಗಸು. ಅವಳು ಸೈಟು ನೋಡಿ, ನಕ್ಷೆ ನೋಡಿ, ಹೂಂ ಅಂದರೆ ಮುಗಿಯಿತು, ಆಮೇಲೆ ಒಂದು ಗೆರೆಯನ್ನೂ ಅಲುಗಿಸುವಂತಿಲ್ಲ. ಅಷ್ಟರೊಳಗೆ ಮೋಹಿನಿ ಬಾಯಿ ಬಿಡಬೇಕು. ಡ್ರೈವರುಗಳ ಮನೆ ಮೊದಲನೇ ಹಂತಕ್ಕೇ ಬೇಕು ಎಂದು ಅಮಿತನ ಎದುರಿಗೇ ಹೇಳಬೇಕು. ವಾಕ್ಯ ಸಿದ್ಧವಾಗಿತ್ತು. ಅದರಲ್ಲಿ 'ಸಾಮಾಜಿಕ ಸುಸ್ಥಿರತೆ' ಎಂಬ ಅರ್ಥದ ಒಂದು ದೊಡ್ಡ ಶಬ್ದ ಇತ್ತು, 'ದಕ್ಷತೆ' ಎರಡು ಸಲ ಬರುತ್ತಿತ್ತು. ಸಾಕಿನಾಕಾ ಸ್ಟೇಷನ್ ದಾಟುವಾಗ ಆ ವಾಕ್ಯ ಬೇರೆ ಯಾರೋ ಬರೆದದ್ದರಂತೆ ಕೇಳಿಸತೊಡಗಿತು.

ಘಾಟ್ಕೋಪರ್ ಸ್ಟೇಷನ್ನಿನ ಸೇತುವೆ ಇಳಿದರೆ ಅವಳ ತಾಯಿಯ ಅಣ್ಣ ಕಾಂತಪ್ಪನ ಹೋಟೆಲು. ಸಂಸ್ಥೆಯವರು 'ಮಧ್ಯಾಹ್ನಕ್ಕೆ ಸೈಟಿನಲ್ಲೇ ಸಾದಾ ಸ್ಥಳೀಯ ಊಟ ಸಾಕು' ಎಂದು ಬರೆದಿದ್ದರು. ಅಮಿತ ದೊಡ್ಡ ಹೋಟೆಲಿನಿಂದ ಡಬ್ಬಿ ತರಿಸೋಣವೆಂದಿದ್ದ. ಆಗ ಮೋಹಿನಿ ಯಾವ ಆವೇಶದಲ್ಲೋ "ನನ್ನ ಮಾವನ ಹೋಟೆಲಿದೆ" ಅಂದುಬಿಟ್ಟಿದ್ದಳು. ನೀಲಿ ಚೌಕ ಬಿಟ್ಟುಕೊಟ್ಟದ್ದೂ ಅದೇ ಸಭೆಯಲ್ಲಿ. ಗೋಡೆ ಕೊಟ್ಟು ಮೊಳೆ ಉಳಿಸಿಕೊಂಡ ಹಾಗಾಗಿತ್ತು. ಮಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು, ಹಣೆಯ ಗಂಧ ಇನ್ನೂ ಒಣಗಿರಲಿಲ್ಲ. ಹಿಂದೆ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು.

"ಡಬ್ಬಿಯಲ್ಲಿ ತುಂಬ್ಸಿ ಕೊಡ್ಲಿಕ್ಕೆ ಅವರೇನು ಆಸ್ಪತ್ರೆಯಲ್ಲಿ ಮಲಗಿದ್ದಾರಾ?" ಎಂದರು ಮಾವ, ಅವಳು ಕೇಳದಿದ್ದರೂ. "ಎಲೆ ಹಾಕಿ ಬಡಿಸುವ. ಅಷ್ಟು ದೂರದಿಂದ ಬರುವವರು."

"ಅಲ್ಲಿ ಮೇಜು ಕುರ್ಚಿ ಏನೂ ಇಲ್ಲ ಮಾವ."

"ನೆಲ ಉಂಟಲ್ಲ?"

ಆಮೇಲೆ ಕಾಫಿ ಬಂತು. ಅರ್ಧ ಸಾಕು ಎಂದು ಅವಳು ಕೈ ಅಡ್ಡ ಹಿಡಿದಳು. "ಅರ್ಧ ಕಾಫಿ ಕೊಟ್ಟ ಹೋಟ್ಲಿನವ ಉದ್ಧಾರ ಆದದ್ದು ನೀ ಎಲ್ಲಾದ್ರೂ ಕಂಡಿದ್ದೀಯಾ ಮಾರಾಯ್ತಿ?" ಎಂದು ಮಾವ ಲೋಟ ತುಂಬಿಸಿದರು. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಬೇಡ ಅನ್ನುವುದಕ್ಕೆ ಅವಳಿಗೆ ಗೊತ್ತಿದ್ದ ಎಲ್ಲ ಭಾಷೆಗಳೂ ಮಾವನ ಎದುರು ಕೆಲಸಕ್ಕೆ ಬರುತ್ತಿರಲಿಲ್ಲ. ಹೊರಗೆ ಮುಬಾರಕ ಹಂಡೆಗಳನ್ನು ಟೆಂಪೋಕ್ಕೆ ಏರಿಸುತ್ತಿದ್ದ. ವಿಜಯಪುರದ ಕಡೆಯವನು, ಮಾವನ ಊಟದ ಆರ್ಡರುಗಳನ್ನು ಊರೆಲ್ಲ ಮುಟ್ಟಿಸುವವನು. "ಅಕ್ಕಾರ, ನನ್ನ ಟೆಂಪೋದಾಗ ಬರ್ರಿ," ಎಂದು ಕರೆದ. "ಕಾರಿನ್ಯಾಗ ಏಸಿ ಇರತೈತಿ, ಇದರಾಗ ಸಾರಿನ ವಾಸನಿ ಐತಿ." ಅವಳು ನಕ್ಕು, ಆಫೀಸಿನ ಕಾರು ಬರುತ್ತದೆ ಅಂದಳು. ಊಟ ಎಲ್ಲಿ ಇಳಿಸಬೇಕು ಎಂದು ಅವನು ಕೇಳಿದ್ದಕ್ಕೆ, ಗೇಟಿನ ಪಕ್ಕ ತಗಡಿನ ನೆರಳು ಹಾಕಿದ ಖಾಲಿ ಜಾಗ ಇದೆಯಲ್ಲ, ಅಲ್ಲೇ ಎಂದಳು. ಹೇಳಿದ ಮೇಲೆ ನೆನಪಾಯಿತು, ಅದು ನೀಲಿ ಚೌಕದ ಜಾಗ. ಸದ್ಯಕ್ಕೆ ಅಲ್ಲಿ ಏನೂ ಇಲ್ಲವಲ್ಲ, ಊಟಕ್ಕಾದರೂ ಆಗಲಿ.

ಈ ಹೋಟೆಲಿನ ಹಿಂದಿನ ಚಾಳಿನ ಒಂದು ಕೋಣೆಯಲ್ಲೇ ಅವಳು ಹುಟ್ಟಿ ಬೆಳೆದದ್ದು. ಗ್ಯಾಲರಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ಕಕ್ಕಸುಗಳು. ಬೆಳಗಾದರೆ ಮನುಷ್ಯರಿಗಿಂತ ಮೊದಲು ಡಬ್ಬಗಳು ಸಾಲಿನಲ್ಲಿ ನಿಲ್ಲುತ್ತಿದ್ದವು. ಯಾರ ಡಬ್ಬ ಯಾವುದು ಎಂದು ಚಾಳಿನ ಬೆಕ್ಕಿಗೂ ಗೊತ್ತಿತ್ತು. ಪಕ್ಕದ ಖೋಲಿಯ ಪ್ರಫುಲ್ಲಾಬಾಯಿಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡ ಮೇಲೆಯೇ ಲೋಕದ ವಿಚಾರವೆಲ್ಲ ನೆನಪಾಗುತ್ತಿತ್ತು. ಯಾರ ಮಗಳಿಗೆ ಎಲ್ಲಿಯ ಗಂಡು, ಯಾರ ಮನೆಯ ನಲ್ಲಿ ಸೋರುತ್ತದೆ, ಗಣಪತಿ ಹಬ್ಬಕ್ಕೆ ಯಾರು ಎಷ್ಟು ಕೊಡಬೇಕು, ಎಲ್ಲ ತೀರ್ಮಾನವೂ ಬಾಗಿಲ ಒಳಗಿನಿಂದಲೇ. "ಒಳಗೆ ಕೂತು ಮಾತಿಗೆ ಶುರು ಮಾಡಿದವಳು ಹೊರಗೆ ಬೇಗ ಬರುವುದಿಲ್ಲ" ಎಂದು ಅಮ್ಮ ಹೇಳುತ್ತಿದ್ದಳು. "ನಾಚಿಕೆ ಬಿಟ್ಟು ಎರಡು ಸಲ ಬಾಗಿಲು ಬಡಿ, ಬರ್ತಾಳೆ." ಮೋಹಿನಿಗೆ ಬಡಿಯಲು ಆಗುತ್ತಿರಲಿಲ್ಲ. ಕಾಲಿಗೆ ಕಾಲು ಹೆಣೆದುಕೊಂಡು, ಪ್ರಫುಲ್ಲಾಬಾಯಿಯ ಮಾತಿಗೆ ಹೂಂಗುಟ್ಟುತ್ತ ನಿಲ್ಲುತ್ತಿದ್ದಳು. ಹಾಗೇ ಶಾಲೆಗೆ ಹೋದ ದಿನಗಳೂ ಇದ್ದವು. ಅಷ್ಟರಲ್ಲಿ ಆಫೀಸಿನ ಕಾರು ಬಂತು. ಹಿಂದಿನ ಸೀಟಿನಲ್ಲಿ ಅಮಿತ ಕೂತಿದ್ದ. "ಏನು ಯೋಚನೆ ಮೋಹಿನಿಜೀ?" ಎಂದು ಕೇಳಿದ. ಪ್ರಫುಲ್ಲಾಬಾಯಿಯ ಬಗ್ಗೆ ಎನ್ನಲಾಗದೆ ಅವಳು "ಬಡ್ಡಿದರದ ಬಗ್ಗೆ" ಅಂದಳು.

ಹೆದ್ದಾರಿ ಬಿಟ್ಟು ಒಳಗೆ ತಿರುಗುವಲ್ಲಿ ಲಾರಿಗಳ ಸಾಲು. ಪಕ್ಕದ ಹಳೆಯ ಗೋದಾಮುಗಳಿಗೆ ಸರಕು ಇಳಿಸಲು ಕಾದು ನಿಂತವು. ಕೆಲವು ನಿನ್ನೆಯಿಂದ, ಕೆಲವು ಯಾವಾಗಿನಿಂದಲೋ. ಚಕ್ರದ ಪಕ್ಕ ಸ್ಟವ್ ಹಚ್ಚಿ ಒಬ್ಬ ಅಕ್ಕಿ ತೊಳೆಯುತ್ತಿದ್ದ, ಇನ್ನೊಬ್ಬ ಕನ್ನಡಿಗೆ ಮುಖ ಕೊಟ್ಟು ಗಡ್ಡ ಕೆರೆಯುತ್ತಿದ್ದ. ಕಾರು ಸಾಲಿನ ಹಿಂದೆಯೇ ಸಿಕ್ಕಿಕೊಂಡಿದ್ದರಿಂದ ಇಬ್ಬರೂ ಇಳಿದು ನಡೆದರು. ಅಷ್ಟರಲ್ಲಿ ಕಾಫಿ ತನ್ನ ಕೆಲಸ ಶುರು ಮಾಡಿತ್ತು. ಮೊದಲಿಗೆ ಅದು ಬರೀ ಒಂದು ಸೂಚನೆ, ದೂರದ ಲೋಕಲ್ಲಿನ ಹಾರ್ನಿನ ಹಾಗೆ. ಸೈಟಿನಲ್ಲಿ ಕೆಲಸಗಾರರಿಗೆಂದು ಒಂದು ಪ್ಲಾಸ್ಟಿಕ್ ಶೌಚಾಲಯ ಇರುವುದು ಅವಳಿಗೆ ಗೊತ್ತಿತ್ತು. ಅತ್ತ ಹೋದಳು. ಬಾಗಿಲಿಗೆ ಬೀಗ. ಕಾವಲಿನವನು ಹೆಮ್ಮೆಯಿಂದ ವಿವರಿಸಿದ: ವಿದೇಶದವರು ಬರುತ್ತಾರೆ, ಸೈಟು ಚೆಂದ ಕಾಣಬೇಕು ಎಂದು ಹಳೆ ಬಣ್ಣದ ಡಬ್ಬ, ಹರಿದ ಗೋಣಿ, ಮುರಿದ ಬುಟ್ಟಿ ಎಲ್ಲವನ್ನೂ ಅದರೊಳಗೆ ತುಂಬಿ ಬೀಗ ಹಾಕಿದ್ದಾರೆ, ಬೀಗದ ಕೈ ಸೂಪರ್‌ವೈಸರ್ ಹತ್ತಿರ ಇದೆ, ಸೂಪರ್‌ವೈಸರ್ ಹೂಗುಚ್ಛ ತರಲು ಠಾಣೆಗೆ ಹೋಗಿದ್ದಾನೆ. ಮೋಹಿನಿ "ಬಹುತ್ ಅಚ್ಛಾ" ಎಂದಳು. ಇನ್ನೇನು ಹೇಳುವುದು? ಸಿಮೆಂಟ್ ಪೈಪುಗಳ ರಾಶಿಯ ಬಳಿ ಅಮಿತ ಫೋನನ್ನು ಕಿವಿಗೆ ಹಿಡಿದು, "ಒಂದು ಕಾಲ್ ಇದೆ" ಎಂದು ಸನ್ನೆ ಮಾಡಿ ಪೈಪುಗಳ ಹಿಂದೆ ಹೋದ. ಹಿಂತಿರುಗಿದಾಗ ಅವನ ಮುಖದಲ್ಲಿ ಯಾವ ಫೋನಿನಿಂದಲೂ ಬಂದಿರಲಾರದಷ್ಟು ನೆಮ್ಮದಿ ಇತ್ತು. ಅಷ್ಟು ವರ್ಷಗಳ ನೌಕರಿಯಲ್ಲಿ ಮೋಹಿನಿ ಯಾರ ಮೇಲೂ ಇಷ್ಟು ಹೊಟ್ಟೆಕಿಚ್ಚು ಪಟ್ಟಿರಲಿಲ್ಲ.

ತಂಡದವರ ಕಾರು ಠಾಣೆಯ ಜಾಮಿನಲ್ಲಿತ್ತು. ಬರುವುದು ತಡ ಎಂದು ಫೋನು ಬಂತು. ಮೋಹಿನಿ ಮತ್ತು ಅಮಿತ ಗೋದಾಮಿನ ಇನ್ನೊಂದು ತುದಿಯಲ್ಲಿ ನಕ್ಷೆಯನ್ನು ಹಲಗೆಗೆ ಅಂಟಿಸಿ ಗೇಟಿನ ಕಡೆಗೆ ಬರುವಾಗ ತಗಡಿನ ನೆರಳಿನ ಕೆಳಗೆ ಏನೋ ಗಲಗಲ ಕೇಳಿಸಿತು. ಉದ್ದಕ್ಕೆ ಎರಡು ಸಾಲು ಬಾಳೆಎಲೆ. ಎಲೆಗಳ ಮುಂದೆ ಲಾರಿ ಡ್ರೈವರುಗಳು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅನ್ನ ಹೊಗೆಯಾಡುತ್ತಿತ್ತು. ಮಾವ ಪಂಚೆ ಎತ್ತಿಕಟ್ಟಿ ಸಾರಿನ ಬಕೇಟು ಹಿಡಿದು ಸಾಲಿನ ನಡುವೆ ಓಡಾಡುತ್ತಿದ್ದರು, ಹಿಂದೆ ಮುಬಾರಕ ಪಲ್ಯದ ಪಾತ್ರೆ ಹಿಡಿದುಕೊಂಡು.

"ಮಾವ!" ಎಂದಳು ಮೋಹಿನಿ. "ಇವರಲ್ಲ! ಊಟ ಇವರಿಗಲ್ಲ!"

"ಗೊತ್ತುಂಟು," ಎಂದರು ಮಾವ ತಗ್ಗಿದ ದನಿಯಲ್ಲಿ. "ನಾನು ಎಲೆ ಹಾಕಿ ನೀರು ಚಿಮುಕಿಸಿದೆ. ಹಿಂತಿರುಗಿ ನೋಡುವಾಗ ಇವರು ಬಂದು ಕೂತಾಗಿದೆ. ಭಂಡಾರಾ ಅಂತ ಎಣಿಸಿದ್ದಾರೆ ಪಾಪ, ಗೋದಾಮಿನ ಪೂಜೆ ಊಟ ಅಂತ. ಒಬ್ಬ ನನ್ನ ಕಾಲಿಗೆ ಬೇರೆ ಬಿದ್ದ."

"ಹೇಳಬೇಕಿತ್ತಲ್ಲ ಮಾವ, ಇದು ಅದಲ್ಲ ಅಂತ."

ಮಾವ ಬಕೇಟು ಕೆಳಗಿಟ್ಟು ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವಳು ತಪ್ಪು ಮನೆಯಲ್ಲಿ ಹುಟ್ಟಿದವಳೇನೋ ಎಂಬ ಹಾಗೆ. "ಎಲೆ ಮುಂದೆ ಕೂತವನನ್ನು ಎಬ್ಬಿಸ್ಲಿಕ್ಕುಂಟಾ? ನಿನ್ನ ಬ್ಯಾಂಕಿನವರು ಬರ್ಲಿ, ಅವರಿಗೂ ಎಲೆ ಉಂಟು. ಆ ಕೊನೆಯಲ್ಲಿ ಬಿಟ್ಟಿದ್ದೇನೆ ನೋಡು."

ಅಮಿತ ಎಲೆಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಅವನು "ಮೋಹಿನಿಜೀ, ಯೇ ಕ್ಯಾ ಹೈ" ಎಂದು ಶುರು ಮಾಡುವಷ್ಟರಲ್ಲಿ ಗೇಟಿನ ಹೊರಗೆ ಲಾರಿಗಳ ನಡುವಿನಿಂದ ನಡೆದುಕೊಂಡು ತಂಡ ಬಂದೇ ಬಿಟ್ಟಿತು. ಮುಂದೆ ಗಿಡ್ಡಗಿನ, ಕತ್ತರಿಸಿದ ಬೆಳ್ಳಿಕೂದಲ ಹೆಂಗಸು, ಕೈಯಲ್ಲಿ ಹೆಲ್ಮೆಟ್ಟು. ಅವಳು ಎಲೆಗಳನ್ನು ನೋಡಿದಳು, ಡ್ರೈವರುಗಳನ್ನು ನೋಡಿದಳು, ಮಾವನನ್ನು ನೋಡಿದಳು. ಮಾವ ಸಾರಿನ ಸೌಟನ್ನೇ ಎತ್ತಿ, ಅಲ್ಲಿ ಕೂರಿ ಎಂದು ತೋರಿಸಿದರು. ಮೋಹಿನಿಗೆ, ತಾನು ಊಟ ತರಿಸಿದ್ದು, ಮಾವನ ಪಂಚೆ, ತನ್ನ ಘಾಟ್ಕೋಪರ್, ಎಲ್ಲವೂ ಅಮಿತನ ಕಣ್ಣೆದುರು ನೆಲದ ಮೇಲೆ ಹರಡಿಕೊಂಡು ಬಿದ್ದ ಹಾಗೆನಿಸಿತು. ಲಿಯೆನ್ ಬೂಟು ಕಳಚಿದಳು. ಕನ್ನಡಕ ಒರೆಸಿಕೊಂಡಳು. ಹೋಗಿ ಇಬ್ಬರು ಡ್ರೈವರುಗಳ ನಡುವಿನ ಎಲೆಯ ಮುಂದೆ, ಮಂಡಿ ಮಡಚಿ, ಹುಟ್ಟಿದಾಗಿನಿಂದ ಹಾಗೇ ಕೂತವಳಂತೆ ಕೂತುಬಿಟ್ಟಳು. ಅವಳ ಹಿಂದೆ ತಂಡವೂ ಕೂತಿತು. ಕೊನೆಗೆ ಅಮಿತ, ಇಸ್ತ್ರಿ ಪ್ಯಾಂಟಿನ ಮಂಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೂತ. ಮೋಹಿನಿ ಲಿಯೆನ್‌ಳ ಎದುರಿನ ಸಾಲಿನಲ್ಲಿ ಕೂತಳು.

ಕೂತ ಮೇಲೆ ಗೊತ್ತಾಯಿತು, ಕೂರಬಾರದಿತ್ತು ಎಂದು. ಮಾವನ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಏಳಬೇಕು. ಕೊನೆಯವನ ಊಟ ಮುಗಿಯುವ ಮೊದಲು ಒಬ್ಬರು ಎದ್ದರೂ ಅದು ಬಡಿಸಿದವರ ಮುಖಕ್ಕೆ ಹೊಡೆದಂತೆ. ಚಿಕ್ಕಂದಿನಲ್ಲಿ ಒಮ್ಮೆ ಎದ್ದದ್ದಕ್ಕೆ ಅಮ್ಮ ತೊಡೆ ಚಿವುಟಿದ್ದಳು. ಈಗ ಲೋಕಲ್ಲು ದೂರದಲ್ಲಿರಲಿಲ್ಲ, ಪ್ಲಾಟ್‌ಫಾರ್ಮಿಗೇ ಬಂದು ನಿಂತಿತ್ತು. ಪಕ್ಕದ ಡ್ರೈವರು ರಾಜಸ್ಥಾನದವನು, ಮೂರನೆಯ ಸಲ ಅನ್ನ ಹಾಕಿಸಿಕೊಂಡ. ಒಂದು ವಾರದ ಮೇಲೆ ಕೂತು ಉಣ್ಣುತ್ತಿದ್ದೇನೆ ಎಂದು ಯಾರಿಗೋ ಹೇಳಿದ. ಅವನ ಮೇಲೆ ಸಿಟ್ಟು ಮಾಡಲೂ ಆಗದಷ್ಟು ತೃಪ್ತಿಯಿಂದ ಕಲಸುತ್ತಿದ್ದ. ಲಿಯೆನ್ ಸೌತೆಕಾಯಿ ಹುಳಿಯಲ್ಲಿ ಒಂದೊಂದೇ ಹೋಳು ಹುಡುಕಿ ತಿನ್ನುತ್ತಿದ್ದಳು. ಇದೇ ಹೊತ್ತು, ಹೇಳು, ಎಂದುಕೊಂಡಳು ಮೋಹಿನಿ. ಬಾಯಿ ತೆರೆದಳು. "ಹಪ್ಪಳ ತೆಗೆದುಕೊಳ್ಳಿ" ಎಂದಳು. ಲಿಯೆನ್ ತೆಗೆದುಕೊಂಡಳು. ಇನ್ನೊಮ್ಮೆ ತೆರೆದಳು. "ಅದು ಉಪ್ಪಿನಕಾಯಿ, ಸ್ವಲ್ಪ ಖಾರ." ಸಾಮಾಜಿಕ ಸುಸ್ಥಿರತೆ ಎಲ್ಲಿ ಹೋಯಿತೋ! ಪಾಯಸ ಬಂತು. ಲಿಯೆನ್ ಅದನ್ನು ಬೆರಳಿನಿಂದ ಬಳಿದು ತಿಂದು, ಇನ್ನೂ ಬೇಕು ಎಂದು ಸನ್ನೆ ಮಾಡಿದಳು. ಮಾವನ ಮುಖ ಅರಳಿತು. ಅಮಿತ ಸಾಲಿನ ಆ ತುದಿಯಿಂದ, ಊಟವಾದ ಮೇಲೆ ನಕ್ಷೆಗೆ ಸಹಿ ಹಾಕಿದರೆ ಆಯಿತು, ಕೆಲಸ ಏನೂ ಉಳಿದಿಲ್ಲ ಎಂದು ತಂಡದವರಿಗೆ ಹೇಳುತ್ತಿದ್ದ. ಅಷ್ಟರಲ್ಲಿ ಮಾವ ಬಂದು ಮೋಹಿನಿಯ ಎದುರು ಬಗ್ಗಿದರು.

"ಕೈ ಒಡ್ಡು. ಮಜ್ಜಿಗೆ."

"ಬೇಡ ಮಾವ. ದಮ್ಮಯ್ಯ."

"ಮಜ್ಜಿಗೆ ಇಲ್ದೆ ಊಟ ಮುಗೀತದಾ? ಒಡ್ಡು."

ಅವಳ ಕೈ ತಾನಾಗಿ ಬೊಗಸೆಯಾಯಿತು. ತಣ್ಣಗಿನ ಮಜ್ಜಿಗೆ ಧಾರೆಯಾಗಿ ಬಿತ್ತು. ಚೆಲ್ಲುವಂತಿಲ್ಲ, ಕುಡಿದಳು. ಕುಡಿದು ಮುಗಿಸುತ್ತಲೇ ಮೋಹಿನಿ ಎದ್ದು ನಿಂತಳು. ಪಂಕ್ತಿಯಲ್ಲಿ ಒಂದೊಂದೇ ಕೈ ನಿಂತಿತು. ರಾಜಸ್ಥಾನದ ಡ್ರೈವರು ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದು ಮೇಲೆ ನೋಡಿದ.

"ಎಂತ ಮೋಹಿನಿ!" ಎಂದರು ಮಾವ. "ಎಂತ ಆಯ್ತು? ಉಪ್ಪು ಹೆಚ್ಚಾಯ್ತಾ?"

"ಮುಝೆ ಬಾಥ್‌ರೂಮ್ ಜಾನಾ ಹೈ," ಎಂದಳು ಮೋಹಿನಿ, ಎರಡು ಸಾಲಿಗೂ ಕೇಳುವ ಹಾಗೆ. ಆಮೇಲೆ ಲಿಯೆನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: "ನನಗೆ ಬೆಳಗಿನಿಂದ ತಡೆದು ತಡೆದು ಸಾಕಾಗಿದೆ. ಇಲ್ಲಿ ಹೋಗಲು ಜಾಗವಿಲ್ಲ. ಇರುವ ಒಂದರಲ್ಲಿ ನಿಮಗೆ ಕಾಣಬಾರದೆಂದು ಕಸ ತುಂಬಿದ್ದಾರೆ. ನೀವು ಈಗ ಕೂತು ಉಣ್ಣುತ್ತಿದ್ದೀರಲ್ಲ, ಇದೇ ಜಾಗದಲ್ಲಿ ಈ ಡ್ರೈವರುಗಳಿಗೆ ಹಜಾರ, ಅಡುಗೆಮನೆ, ಸ್ನಾನ, ಶೌಚ ಎಲ್ಲ ನಕ್ಷೆಯಲ್ಲಿ ಇತ್ತು. ಅಳಿಸಿದವಳು ನಾನು. ಎಲ್ಲರೂ ನಕ್ಕರು, ನಾನೂ ನಕ್ಕು ಅಳಿಸಿದೆ. ನನಗೆ ಅದು ವಾಪಸ್ಸು ಬೇಕು. ಎರಡನೇ ಹಂತದಲ್ಲಲ್ಲ." ಮೆಟ್ರೋದಲ್ಲಿ ಅಷ್ಟು ಹೊತ್ತು ಉರುಹೊಡೆದ ವಾಕ್ಯದ ಒಂದು ಶಬ್ದವೂ ಇದರಲ್ಲಿರಲಿಲ್ಲ. ಕಿವಿ ಬಿಸಿಯಾಗಿತ್ತು. ಅಮಿತ ಎಲೆಯನ್ನೇ ನೋಡುತ್ತಿದ್ದ, ಅವನ ಕಿವಿಯೂ ಕೆಂಪಾಗಿತ್ತು. ಪೈಪಿನ ರಾಶಿ ನೆನಪಾಗಿರಬೇಕು.

ಲಿಯೆನ್ ಹಪ್ಪಳದ ಚೂರನ್ನು ಎಲೆಯ ಅಂಚಿಗೆ ಇಟ್ಟಳು. ನೆಲಕ್ಕೆ ಕೈಯೂರಿ ಎದ್ದಳು. "ನನಗೂ," ಎಂದಳು. "ಏರ್‌ಪೋರ್ಟ್ ಬಿಟ್ಟಾಗಿನಿಂದ. ಯಾರಾದರೂ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ."

ಇಬ್ಬರಿಗೂ ಅದೇ ಅವಸರ ಎಂದು ಮಾವನಿಗೆ ಮುಬಾರಕ ಕಿವಿಯಲ್ಲಿ ಹೇಳಿದ. ಮಾವ ಉಪ್ಪಿನ ಭಯ ಬಿಟ್ಟು ಉಸಿರುಬಿಟ್ಟರು. ಕಾರುಗಳೆಲ್ಲ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿದ್ದವು. "ಅಕ್ಕಾರ," ಎಂದ ಮುಬಾರಕ, "ನಮ್ಮ ಮನಿ ಇಲ್ಲೇ ರಸ್ತಾ ಕೂಡೂ ನಾಕಾದ ಹಿಂದ ಐತ್ರಿ. ಗುಲಶನ ಮನ್ಯಾಗ ಅದಾಳ. ಹಿಂದಿನ ಮಣ್ಣಿನ ದಾರಿಲೆ ಹೋದ್ರ ಕಣ್ಣು ಮುಚ್ಚಿ ತೆರಿಯೂದ್ರಾಗ ಹೋಗಿ ಮುಟ್ಟತೀವಿ. ಹತ್ರಿ ಇಬ್ರೂ."

ಟೆಂಪೋದ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಒತ್ತಿಕೊಂಡು ಕೂತರು, ಬಲಗೈ ಎಂಜಲು, ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು. ಹಿಂದೆ ಖಾಲಿ ಹಂಡೆಗಳು ಗಡಗಡ ಅನ್ನುತ್ತಿದ್ದವು. ಮುಬಾರಕ ಹೇಳಿದ ಮಣ್ಣಿನ ದಾರಿಯಲ್ಲಿ ಮಣ್ಣಿಗಿಂತ ಗುಂಡಿ ಹೆಚ್ಚು. ಮೊದಲ ಗುಂಡಿಗೆ ಇಬ್ಬರೂ ಅಯ್ಯೋ ಎಂದರು, ತಮ್ಮ ತಮ್ಮ ಭಾಷೆಯಲ್ಲಿ. ಎರಡನೆಯದಕ್ಕೆ ನಗು ಬಂತು. ನಗಬಾರದಿತ್ತು, ಆ ಸ್ಥಿತಿಯಲ್ಲಿ ನಗುವಷ್ಟು ಅಪಾಯದ್ದು ಬೇರೆ ಇಲ್ಲ. ಅದು ಇಬ್ಬರಿಗೂ ಗೊತ್ತಿದ್ದರಿಂದ ನಗು ಇನ್ನೂ ಹೆಚ್ಚಾಯಿತು. "ನಮ್ಮಲ್ಲಿ ಎರಡನೇ ಹಂತ ಅನ್ನುವುದಿಲ್ಲ," ಎಂದಳು ಲಿಯೆನ್ ಕಣ್ಣೊರೆಸಿಕೊಳ್ಳುತ್ತ, "ಮುಂದಿನ ವರ್ಷ ಅನ್ನುತ್ತೇವೆ. ನಾನೂ ಎಷ್ಟೋ ಸಲ ಬರೆದಿದ್ದೇನೆ." ಮುಬಾರಕ ಇಬ್ಬರಿಗೂ ಹುಚ್ಚು ಹಿಡಿಯಿತೇನೋ ಎಂದು ಒಮ್ಮೆ ಓರೆಗಣ್ಣಿನಿಂದ ನೋಡಿ, ಗೇರು ಬದಲಾಯಿಸಿ ಇನ್ನೂ ಜೋರಾಗಿ ಓಡಿಸಿದ. ಆ ನಗುವಿನ ನಡುವೆ ಮೋಹಿನಿಗೆ ಸ್ಪಷ್ಟವಾಗಿ ಅನಿಸಿತು: ಹೋದ ವಾರದ ನಗು ಇದರಡಿಯಲ್ಲಿ ಎಲ್ಲೋ ಮುಚ್ಚಿಹೋಯಿತು.

ಚಾಳಿನ ಬಾಗಿಲಲ್ಲಿ ಮುಬಾರಕನ ಹೆಂಡತಿ ಗುಲಶನ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎಂಜಲು ಕೈ ಎತ್ತಿಕೊಂಡು ಬಂದ ಇಬ್ಬರನ್ನು ನೋಡಿ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಕೈ ಆಮ್ಯಾಲ ತೊಳಕೊಳ್ರಿ. ಅದು ಒಳಗ, ಎಡಕ್ಕೈತಿ," ಎಂದಳು. ಎಡಕ್ಕೆ ಒಂದೇ ಬಾಗಿಲು. ಹಸಿರು ಬಣ್ಣದ್ದು. ಇಬ್ಬರೂ ಅದರ ಮುಂದೆ ನಿಂತರು. "ನೀವು ಮೊದಲು," ಎಂದಳು ಲಿಯೆನ್. ಅಷ್ಟೇ ಸಾಕಿತ್ತು, ಒಳಗೆ ನುಗ್ಗಬಹುದಿತ್ತು. ಆದರೆ ಎಷ್ಟೆಂದರೂ ಕಾಂತಪ್ಪನ ತಂಗಿಯ ಮಗಳು. "ಇಲ್ಲ ಇಲ್ಲ, ನೀವು ಅತಿಥಿ," ಎಂದು ಬಾಯಿಗೆ ಬಂದೇ ಬಂತು. ಲಿಯೆನ್ ಇನ್ನೊಮ್ಮೆ ಹೇಳಿಸಿಕೊಳ್ಳಲಿಲ್ಲ. ಚಿಲಕ ಬಿದ್ದ ಸದ್ದಿಗೆ ಮೋಹಿನಿ ತನ್ನ ಕುಲದ ಆತಿಥ್ಯವನ್ನೆಲ್ಲ ಬೈದುಕೊಂಡಳು. ಕಾಲಿಗೆ ಕಾಲು ಹೆಣೆದಳು.

"ಮೋಹಿನಿ, ಅಲ್ಲೇ ಇದ್ದೀರಾ?" ಒಳಗಿನಿಂದ ದನಿ ಬಂತು, ಈಗ ನೆಮ್ಮದಿಯ ದನಿ. "ಮೊದಲು ಎಷ್ಟು ಹಾಕಿದ್ದಿರಿ?"

"ಹನ್ನೆರಡು ಶೌಚಾಲಯ," ಎಂದಳು ಮೋಹಿನಿ ಹಲ್ಲು ಕಚ್ಚಿಕೊಂಡು. "ಅದರಲ್ಲಿ ಎರಡು ಹೆಂಗಸರಿಗೆ."

"ಹೆಂಗಸರಿಗೆ ನಾಲ್ಕು ಮಾಡಿ. ಎಲ್ಲವೂ ಮೊದಲನೇ ಹಂತಕ್ಕೆ. ಅದು ಕಟ್ಟಿ ಮುಗಿಯುವ ತನಕ ಸಾಲದ ಮೊದಲ ಕಂತು ಬಿಡುಗಡೆ ಇಲ್ಲ ಎಂದು ನಾನು ಬರೆಯುತ್ತೇನೆ."

ಮೋಹಿನಿಗೆ ಅಳು ಬರುವಷ್ಟು ಸಂತೋಷವಾಯಿತು. ಆದರೆ ಅಳುವುದಕ್ಕೂ ಈಗ ಧೈರ್ಯ ಸಾಲದು.

"ಏನಂತಾರ್ರೀ ಅವ್ರು?" ಎಂದು ಗುಲಶನ ಕೇಳಿದಳು.

"ಪಾಸಾಯ್ತು ಅಂತಿದ್ದಾರೆ. ಡ್ರೈವರುಗಳಿಗೆ ಮನೆ ಕಟ್ಟಿಸ್ತಾರಂತೆ."

"ಚಲೋ ಆತು," ಎಂದಳು ಗುಲಶನ. "ಆದ್ರ ಅದನ್ನ ಹೊರಗ ಬಂದು ಹೇಳಾಕ ಏನಾಗೇತ್ರಿ ಅವ್ರಿಗೆ?"

ಒಳಗೆ ಲಿಯೆನ್‌ಗೆ ಒಂದೊಂದಾಗಿ ನೆನಪಾಗುತ್ತಿತ್ತು. ದೀಪ ಒಳಗೂ ಇರಬೇಕು, ದಾರಿಯಲ್ಲೂ ಇರಬೇಕು. ಚಿಲಕ ಗಟ್ಟಿ ಇರಬೇಕು. ಚೀಲ ತೂಗುಹಾಕಲು ಒಂದು ಮೊಳೆ, ಅದನ್ನು ಗಂಡಸರು ಯಾವ ದೇಶದಲ್ಲೂ ಹಾಕುವುದಿಲ್ಲ, ಖುಲ್ನಾದಲ್ಲಿ ಏನಾಯಿತು ಗೊತ್ತೇ ಮೋಹಿನಿ, ಎಂದು ಅವಳು ಕತೆ ಶುರು ಮಾಡಿದಳು. ಅಮ್ಮನ ಮಾತು ಸುಳ್ಳಲ್ಲ. ಪ್ರಫುಲ್ಲಾಬಾಯಿಯ ನೆಂಟರು ಲೋಕದ ತುಂಬ ಇದ್ದಾರೆ. ಮೋಹಿನಿ ಹೂಂಗುಟ್ಟಲಿಲ್ಲ. ಎಂಜಲು ಒಣಗಿದ ಕೈಯನ್ನು ಮುಷ್ಟಿ ಮಾಡಿ, ಘಾಟ್ಕೋಪರಿನ ಚಾಳಿನಲ್ಲಿ ಅಷ್ಟು ವರ್ಷ ಆಗದಿದ್ದದ್ದನ್ನು ಈಗ ಮಾಡಿದಳು. ಹಸಿರು ಬಾಗಿಲನ್ನು ಎರಡು ಸಲ, ಇಡೀ ನಾಕಾಕ್ಕೆ ಕೇಳುವ ಹಾಗೆ ಬಡಿದಳು.

"ಮೇಡಂ, ಖುಲ್ನಾ ಆಮೇಲೆ! ಮೊದಲು ಹೊರಗೆ ಬನ್ನಿ!"